ಅರ್ಧ ಬೆಲೆಗೆ ಮೌಸರ್, ತೋಟಾ ಎಲ್ಲಿಂದ?

ಹಳೆಯ ರೈಫಲ್ ಮಾರುವವರು ಬೆಲೆ ಹೇಳುವ ಮೊದಲು ಅದನ್ನು ಗಿರಾಕಿಯ ಕೈಗೆ ಕೊಟ್ಟುಬಿಡುತ್ತಾರೆ. ಅಕ್ರೋಟು ಮರದ ಹಿಡಿ, ಬೆರಳು ಜಾರದಂತೆ ಕೆತ್ತಿದ ಚೌಕುಳಿ ಗೆರೆ, ಸದ್ದಿಲ್ಲದೆ ಹಿಂದೆ ಮುಂದೆ ಸರಿಯುವ ಬೋಲ್ಟು. ಹೆಗಲಿಗೇರಿಸಿ ಒಂದು ಕಣ್ಣು ಮುಚ್ಚಿದರೆ ಅರ್ಧ ವ್ಯಾಪಾರ ಮುಗಿಯಿತು. ಉಳಿದರ್ಧ ಮುಗಿಸುವುದಕ್ಕೆ ‘ರಿಯಾಯಿತಿ’ ಎಂಬ ಮಾತು ಸಾಕು.

ಮಾಗನೂರಿನ ಕಡೆ ಹೊಲ ಮಾಡಿಕೊಂಡಿರುವ ನನ್ನ ಕಾಕಾ ಹೈದರಾಬಾದಿನ ಅಂಗಡಿಯೊಂದರಲ್ಲಿ ಇಂಥದ್ದನ್ನು ನೋಡಿಕೊಂಡು ಬಂದಿದ್ದರು. “ಎಂಟು ಎಂ.ಎಂ. ಮೌಸರ್ ಅಂತಪಾ. ಜರ್ಮನಿ ಮಾಲು. ಹೊಸಾ ತ್ರೀ ಫಿಫ್ಟೀನ್ ರೇಟಿನಾಗ ಅರ್ಧಕ್ಕ ಕೊಡ್ತೀನಿ ಅಂದಾನ. ತಗೊಳ್ಳೋಣೋ, ಬ್ಯಾಡೋ?” ಎಂದು ಫೋನಿನಲ್ಲಿ ಕೇಳಿದರು. ಅವರ ಬಳಿ ಅಪ್ಪನಿಂದ ಬಂದ ಹನ್ನೆರಡು ಬೋರಿನ ಜೋಡಿನಳಿಗೆ ಇದೆ, ಲೈಸೆನ್ಸ್ ಇದೆ, ಆ ಲೈಸೆನ್ಸಿನಲ್ಲಿ ಇನ್ನೊಂದು ಆಯುಧಕ್ಕೆ ಜಾಗವೂ ಇದೆ. ಹೊಲದಲ್ಲಿ ಹತ್ತಿ, ತೊಗರಿ. ಹತ್ತಿಯಲ್ಲೂ ತೊಗರಿಯಲ್ಲೂ ಚಿಗರಿ, ಅಂದರೆ ಕೃಷ್ಣಮೃಗ.

ಮಾಗನೂರು ಗೊತ್ತಿಲ್ಲದವರಿಗೆ ಹೇಳಬೇಕು. ಹೈದರಾಬಾದಿನಿಂದ ರಾಯಚೂರಿಗೆ ಬರುವ ದಾರಿಯಲ್ಲಿ ಮಕ್ತಲ್ ದಾಟಿ, ಕೃಷ್ಣಾ ಹೊಳೆ ಮುಟ್ಟುವ ಮೊದಲು ಸಿಗುವ ಊರು. ಕಾಗದದ ಮೇಲೆ ತೆಲಂಗಾಣ. 2019ರ ಫೆಬ್ರವರಿಯಿಂದ ನಾರಾಯಣಪೇಟ ಜಿಲ್ಲೆ, ಅದಕ್ಕೂ ಮೊದಲು ಮಹಬೂಬನಗರ. ಮಂಡಲ ಕಚೇರಿಯ ಅರ್ಜಿ ತೆಲುಗಿನಲ್ಲಿ ಹೋಗುತ್ತದೆ, ಆದರೆ ಎಷ್ಟೋ ಮನೆಗಳಲ್ಲಿ ಬೈಗುಳದಿಂದ ಹಿಡಿದು ಲಾಲಿಯವರೆಗೆ ಎಲ್ಲ ಕನ್ನಡವೇ. ಭೀಮಾ ಬಂದು ಕೃಷ್ಣೆಯನ್ನು ಕೂಡುವ ಜಾಗ ದೂರವಿಲ್ಲ. ಪಕ್ಕದ ಗದ್ವಾಲ ತಾಲ್ಲೂಕಂತೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ನೆಲ ಎರಡೂ ಕಡೆ ಒಂದೇ ಥರ: ಕರಿ ಎರೆ, ದೂರದವರೆಗೆ ಮಟ್ಟಸ, ನಡುನಡುವೆ ಬಂಡೆಗುಡ್ಡ. ಚಿಗರಿಗೆ ಬೇಕಾದದ್ದು ಇಂಥದ್ದೇ ಬಯಲು. ಗುಂಪು ಗುಂಪಾಗಿ ಬರುತ್ತವೆ, ಹತ್ತಿಯ ಎಳೆ ಸಸಿ ಕಚ್ಚುತ್ತವೆ, ತೊಗರಿಯ ಕುಡಿ ಚಿವುಟುತ್ತವೆ, ತಿಂದದ್ದಕ್ಕಿಂತ ತುಳಿದು ಹಾಳು ಮಾಡುವುದೇ ಹೆಚ್ಚು. ಮಕ್ತಲ್, ಮಾಗನೂರು, ಕೃಷ್ಣಾ ಮಂಡಲಗಳ ರೈತರು ಇದರ ಬಗ್ಗೆ ಅಧಿಕಾರಿಗಳ ಮುಂದೆ ಗೋಳು ಹೇಳಿಕೊಳ್ಳುತ್ತಲೇ ಬಂದಿದ್ದಾರೆ. ಸೀರೆ ಕಟ್ಟಿ ನೋಡಿದ್ದಾರೆ, ಬಲೆ ಕಟ್ಟಿ ನೋಡಿದ್ದಾರೆ, ರಾತ್ರಿಯಿಡೀ ಮಂಚಿಕೆಯ ಮೇಲೆ ಕೂತು ಡಬ್ಬಿ ಬಡಿದಿದ್ದಾರೆ.

ಹೀಗೆ ಬಡಿದು ಸಾಕಾದವನ ಕಣ್ಣಿಗೆ ರೈಫಲ್ ಬೀಳುವುದು ಸಹಜ. ಆದ್ದರಿಂದ ಕಾಕಾರ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲಿಲ್ಲ. ಅದು ಅರ್ಧ ಬೆಲೆಗೆ ಯಾಕೆ ಸಿಗುತ್ತಿದೆ ಎಂದು ಮಾತ್ರ ತಿರುಗಿ ಕೇಳಿದೆ.

ಭಾರತದಲ್ಲಿ ರೈಫಲ್ಲಿನ ಬೆಲೆ ನಿಲ್ಲುವುದು ಅದರ ತೋಟಾದ ಮೇಲೆ. ಅಮೆರಿಕದ ಬೇಟೆಗಾರನೊಬ್ಬ ಅಪರೂಪದ ಬೋರಿನ ರೈಫಲ್ ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ, ತೋಟಾ ತರಿಸಿಕೊಳ್ಳುತ್ತಾನೆ; ಸಿಗದಿದ್ದರೆ ಹಳೆ ಖೋಲು, ಹೊಸ ಮದ್ದು, ಗುಂಡು ತಂದು ಮನೆಯ ಶೆಡ್ಡಿನಲ್ಲೇ ತುಂಬಿಕೊಳ್ಳುತ್ತಾನೆ. ಅವನಿಗೆ ಅಪರೂಪದ ಬೋರು ಎಂದರೆ ಸ್ವಲ್ಪ ಖರ್ಚು, ಸ್ವಲ್ಪ ಖಯಾಲಿ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ 5ನೇ ಕಲಮು ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದನ್ನೇ ಅಪರಾಧ ಎನ್ನುತ್ತದೆ. ಕೊಳ್ಳುವುದಕ್ಕೂ ಮಿತಿಯಿದೆ: ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಎಂಬುದು ಲೈಸೆನ್ಸ್ ಪುಸ್ತಕದಲ್ಲೇ ಬರೆದಿರುತ್ತದೆ, ಅಂಗಡಿಯವನು ಪ್ರತಿ ಸಲ ಅದರಲ್ಲಿ ಗುರುತು ಹಾಕಿ ಕೊಡುತ್ತಾನೆ. ವಿದೇಶಿ ಬಂದೂಕುಗಳ ಆಮದು 1980ರ ದಶಕದ ನಡುವಿನಿಂದ ಸಾಮಾನ್ಯ ಜನರಿಗೆ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಹೀಗಾಗಿ ಒಳಗೆ ಇದ್ದ ಹಳೆಯ ವಿದೇಶಿ ಬಂದೂಕುಗಳೇ ಕೈಯಿಂದ ಕೈಗೆ ತಿರುಗುತ್ತಿವೆ. ಅವುಗಳಲ್ಲಿ ಯಾವುದಕ್ಕೆ ತೋಟಾ ಸಿಗುತ್ತದೋ ಅದಕ್ಕೆ ಬಂಗಾರದ ಬೆಲೆ, ಸಿಗದಿದ್ದಕ್ಕೆ ಗುಜರಿಯ ಬೆಲೆ.

ಸುಲಭವಾಗಿ ಸಿಗುವುದು ಯಾವುದು? ಹನ್ನೆರಡು ಬೋರಿನ ಚರೆ ತೋಟಾ, ಮತ್ತು ರೈಫಲ್ಲಿಗೆ .315. ಎರಡೂ ಪುಣೆಯ ಖಡಕಿಯ ಮದ್ದುಗುಂಡು ಕಾರ್ಖಾನೆಯ ಮಾಲು. 2021ರ ಅಕ್ಟೋಬರ್‌ವರೆಗೆ ಅದು ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡಿನ ಕೈಯಲ್ಲಿತ್ತು. ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಪಾಲಾಯಿತು. .315 ರೈಫಲ್ ಕೋಲ್ಕತ್ತದ ಬಳಿಯ ಇಶಾಪುರದ್ದು. ನೋಡಲು ಅಷ್ಟೇನೂ ಚಂದವಿಲ್ಲ, ಬೋಲ್ಟು ಸ್ವಲ್ಪ ಒರಟು. ಆದರೆ ಅದರ ತೋಟಾ ನಮ್ಮದೇ ದೇಶದಲ್ಲಿ ತಯಾರಾಗುತ್ತದೆ ಎಂಬ ಒಂದೇ ಗುಣಕ್ಕೆ ಎಲ್ಲ ತಪ್ಪೂ ಮಾಫಿ.

ಈ .315 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತು ಎಂಬ ಕಥೆಯಲ್ಲೇ ಕಾಕಾರ ಪ್ರಶ್ನೆಗೆ ಬಹುಪಾಲು ಉತ್ತರವಿದೆ. ಬ್ರಿಟಿಷ್ ಸರ್ಕಾರಕ್ಕೆ ಇಲ್ಲಿ ಸದಾ ಒಂದು ಭಯ: ಸೈನ್ಯದ ತೋಟಾ ಜನರ ಬಂದೂಕಿಗೆ ಹೊಂದಬಾರದು. ಹೊಂದಿದರೆ ದಂಡಿನಿಂದ ಕದ್ದ ಮದ್ದು ದಂಡಿನ ಮೇಲೆಯೇ ತಿರುಗುತ್ತದೆ. ಸೈನ್ಯದ ಬೋರು .303 ಆಗಿತ್ತು, ಆದ್ದರಿಂದ ಅದು ಜನರಿಗೆ ಸಿಗುವಂತಿರಲಿಲ್ಲ. ಸೈನ್ಯ ಬಳಸುತ್ತಿದ್ದ ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್ಲಿಗೇ ಆಸ್ಟ್ರಿಯಾ-ಹಂಗೇರಿ ಸೇನೆಯ ಹಳೆಯ ಮಾನ್‌ಲಿಖರ್ ತೋಟಾದ ಅಳತೆ ಹೊಂದಿಸಿ .315 ಮಾಡಿದರು. ಬ್ರಿಟಿಷರು ಹೋದರು, ಭಯ ಉಳಿಯಿತು. ‘ನಿಷೇಧಿತ ಬೋರು’ ಎಂಬ ವರ್ಗ ಸ್ವತಂತ್ರ ಭಾರತದ ಕಾನೂನಿನಲ್ಲೂ ಮುಂದುವರಿಯಿತು. ಆಸ್ಟ್ರಿಯಾದಲ್ಲಿ ಎಂದೋ ನಿವೃತ್ತಿಯಾದ ತೋಟಾ ಖಡಕಿಯಲ್ಲಿ ಇನ್ನೂ ಚಾಕರಿ ಮಾಡುತ್ತಿದೆ.

ಇದಕ್ಕಿಂತ ದೊಡ್ಡ ಬೋರಿನಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ನಡೆಯಿತು. 1907ರ ಹೊತ್ತಿಗೆ ಭಾರತ ಮತ್ತು ಸುಡಾನಿನಲ್ಲಿ .450 ಬೋರನ್ನು ಸರ್ಕಾರ ನಿರ್ಬಂಧಿಸಿತು. ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳು ಬಂಡಾಯಗಾರರ ಕೈಯಲ್ಲಿದ್ದವು, ಅವಕ್ಕೆ ಮದ್ದು ಸಿಗಬಾರದು ಎಂಬ ಕಾರಣಕ್ಕೆ. ಆನೆ, ಕಾಟಿ ಹೊಡೆಯಲು .450 ಜೋಡಿನಳಿಗೆ ಮಾಡಿಸಿಕೊಂಡಿದ್ದ ಸಾಹೇಬರು ಬಾಯಿ ಬಾಯಿ ಬಿಟ್ಟರು. ಲಂಡನ್ನಿನ ಬಂದೂಕು ಮನೆಗಳು ಸುಮ್ಮನೆ ಕೂರಲಿಲ್ಲ. ಕೂದಲೆಳೆ ದಪ್ಪ ಮಾಡಿ .465, .470, .475, .476 ಎಂದು ಒಂದೊಂದು ಮನೆ ಒಂದೊಂದು ಹೊಸ ಬೋರು ಹೊರಡಿಸಿತು. ಒಂದು ಸರ್ಕಾರಿ ಆದೇಶದಿಂದ ಒಂದು ಬೋರು ಅನಾಥವಾಯಿತು, ನಾಲ್ಕಾರು ಹುಟ್ಟಿದವು. ಆ ಹುಟ್ಟಿದವೂ ಆಮೇಲೆ ಅನಾಥವಾದವು. ಬ್ರಿಟನ್ನಿನ ಕೈನಾಕ್ ಕಂಪನಿ ಇಂಥ ತೋಟಾಗಳನ್ನು ಕೆಂಪು-ಹಳದಿ ಪೊಟ್ಟಣಗಳಲ್ಲಿ ಜಗತ್ತಿಗೆಲ್ಲ ಹಂಚುತ್ತಿತ್ತು. 1970ರ ಹೊತ್ತಿಗೆ ಆ ತಯಾರಿಕೆ ನಿಂತ ಮೇಲೆ ಸಂಸ್ಥಾನಿಕರ ಮನೆಗಳ ರೈಫಲ್ಲುಗಳು ಗೋಡೆಯ ಅಲಂಕಾರವಾದವು. ಮುಂದೆ ಅದೇ ಹೆಸರಿನಲ್ಲಿ ತಯಾರಿಕೆ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರುವಾಯಿತು, ಆದರೆ ಅದು ಮಾಗನೂರು ಮುಟ್ಟುವ ದಾರಿ ಇಲ್ಲ.

ಕನ್ನಡ ಓದುಗರಿಗೆ ಈ ಲೋಕ ಅಷ್ಟೇನೂ ಅಪರಿಚಿತವಲ್ಲ. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮೂಲಕ ಕನ್ನಡಕ್ಕೆ ತಂದ ಬೆಂಗಳೂರಿನ ಕೆನೆತ್ ಆಂಡರ್ಸನ್ ಜೀವನಪೂರ್ತಿ ನೆಚ್ಚಿಕೊಂಡಿದ್ದದ್ದು .405 ವಿಂಚೆಸ್ಟರ್ ರೈಫಲ್ಲನ್ನು. 1904ರಲ್ಲಿ ಬಂದ ಅಮೆರಿಕದ ಬೋರು ಅದು; ಕೆಲವು ದಶಕಗಳಲ್ಲೇ ಅಲ್ಲೂ ಮೂಲೆಗುಂಪಾಯಿತು, ಮತ್ತೆ ಜೀವ ಪಡೆದದ್ದು ಈ ಶತಮಾನದಲ್ಲಿ. ಜಿಮ್ ಕಾರ್ಬೆಟ್ಟರಿಗೆ ಚಂಪಾವತದ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಉಡುಗೊರೆಯಾಗಿ ಕೊಟ್ಟದ್ದು .275 ರಿಗ್ಬಿ. ಆ .275 ಎನ್ನುವುದು ಬೇರೇನೂ ಅಲ್ಲ, ಜರ್ಮನಿಯ 7 ಎಂ.ಎಂ. ಮೌಸರ್ ತೋಟಾಕ್ಕೆ ಇಂಗ್ಲಿಷ್ ಅಂಗಡಿ ಇಟ್ಟ ಹೆಸರು. ಅಂದರೆ ಅಪರೂಪದ್ದೆಂದು ಕಂಡ ಬೋರು ಒಳಗೆ ಸಾಮಾನ್ಯವಾಗಿರಬಹುದು. ಸಾಮಾನ್ಯವೆಂದು ಕಂಡದ್ದು ಒಳಗೆ ಅಪರೂಪವಾಗಿರುವುದು ಅದಕ್ಕಿಂತ ಹೆಚ್ಚು, ಕಾಕಾರ ಮೌಸರ್ ಆ ಎರಡನೆಯ ಜಾತಿಯದ್ದು.

“ಎಂಟು ಎಂ.ಎಂ. ಅಂದ್ರ ತ್ರೀ ಫಿಫ್ಟೀನೇ ಅಲ್ಲೇನು? ನಮ್ಮ ಕಡಿ ಎಲ್ಲಾರೂ ಹಂಗ ಅಂತಾರ,” ಎಂದರು ಕಾಕಾ. ಹಾಗೆ ಅನ್ನುವುದು ನಿಜ. ಒಂದು ಅಂಗುಲದ .315 ಭಾಗ ಎಂದರೆ ಎಂಟು ಮಿಲಿಮೀಟರ್ ಎಂಬ ಲೆಕ್ಕವೂ ನಿಜ. ಆದರೆ ಒಂದೇ ‘ಎಂಟು ಎಂ.ಎಂ.’ ಎಂಬ ಹೆಸರಿನಲ್ಲಿ ಕನಿಷ್ಠ ಮೂರು ನಾಲ್ಕು ತೋಟಾಗಳಿವೆ, ಒಂದು ಇನ್ನೊಂದರೊಳಗೆ ಹೋಗುವುದಿಲ್ಲ, ಹೋಗಲೂ ಬಾರದು. ನಮ್ಮ .315 ಎಂದರೆ 8×50: ಖೋಲಿನ ಉದ್ದ 50 ಮಿಲಿಮೀಟರ್, ಬುಡದಲ್ಲಿ ಹೊರಗೆ ಚಾಚಿದ ಅಂಚು. ಮೌಸರ್ ಎಂದರೆ 8×57: ಖೋಲು ಅದಕ್ಕಿಂತ ಏಳು ಮಿಲಿಮೀಟರ್ ಹೆಚ್ಚು ಉದ್ದ, ಬುಡದಲ್ಲಿ ಅಂಚಿಲ್ಲ, ಬದಲಿಗೆ ಸುತ್ತ ಕೊರೆದ ಕಾಲುವೆ. ಎರಡನ್ನೂ ಅಂಗೈ ಮೇಲೆ ಪಕ್ಕಪಕ್ಕ ನಿಲ್ಲಿಸಿದರೆ ಮಗುವಿಗೂ ಗೊತ್ತಾಗುತ್ತದೆ. ಆದರೆ ಅಂಗಡಿಯಲ್ಲಿ ರೈಫಲ್ ಇರುತ್ತದೆ, ತೋಟಾ ಇರುವುದಿಲ್ಲವಲ್ಲ!

ಮೌಸರಿನಲ್ಲೇ ಇನ್ನೂ ಒಳಭೇದಗಳಿವೆ. 1888ರ ಮೊದಲ ಜರ್ಮನ್ ತೋಟಾದ ಗುಂಡಿನ ದಪ್ಪ .318 ಅಂಗುಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸೈನ್ಯ ಅದನ್ನು .323ಕ್ಕೆ ಏರಿಸಿತು. ದಪ್ಪ ಗುಂಡನ್ನು ಹಳೆಯ ಸಣ್ಣ ನಳಿಗೆಯಲ್ಲಿ ಹಾರಿಸಿದರೆ ಒತ್ತಡ ಎಲ್ಲಿಗೋ ಏರಿ ಹೋಗುತ್ತದೆ. ಬೋಲ್ಟಿನ ಹಿಂದೆ ಇರುವುದು ನಮ್ಮದೇ ಮುಖ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಮೇಲೆ ವರ್ಸೈಲ್ಸ್ ಒಪ್ಪಂದ ಹೇರಿದ ನಿರ್ಬಂಧಗಳಿಂದ ತಪ್ಪಿಸಿಕೊಳ್ಳಲು ಮೌಸರ್ ಕಂಪನಿ ಖೋಲನ್ನು ಇನ್ನೂ ಮೂರು ಮಿಲಿಮೀಟರ್ ಉದ್ದ ಮಾಡಿ 8×60 ಎಂಬ ಬೇಟೆ ರೈಫಲ್ಲುಗಳನ್ನು ಮಾರಿತು. ಇದು ಸಾಲದೆಂಬಂತೆ ಇಂಗ್ಲೆಂಡಿನ .318 ವೆಸ್ಟ್ಲಿ ರಿಚರ್ಡ್ಸ್ ಎಂಬ ಬೋರಿನ ಗುಂಡು .318 ಅಲ್ಲವೇ ಅಲ್ಲ, .330. ಬೋರಿನ ಹೆಸರು ನಂಬಿ ತೋಟಾ ತರುವುದಕ್ಕಿಂತ ಜಾತಕ ನಂಬಿ ಬಾವಿ ತೋಡಿಸುವುದು ಕಡಿಮೆ ಅಪಾಯ.

ಹಾಗಾದರೆ ರೈಫಲ್ಲನ್ನು ಓದುವುದು ಹೇಗೆ? ನಳಿಗೆಯ ಬುಡದಲ್ಲಿ, ಕೆಲವು ಸಲ ಮರದ ಹಿಡಿ ಬಿಚ್ಚಿದರೆ ಅದರ ಕೆಳಮುಖದಲ್ಲಿ, ಪರೀಕ್ಷಾ ಮುದ್ರೆಗಳಿರುತ್ತವೆ. ಜರ್ಮನ್, ಲಂಡನ್, ಬರ್ಮಿಂಗ್‌ಹ್ಯಾಮ್, ಇಶಾಪುರ, ಒಂದೊಂದಕ್ಕೆ ಒಂದೊಂದು ಗುರುತು. ಅವುಗಳ ಪಕ್ಕದಲ್ಲೇ ಬೋರಿನ ಅಳತೆ. ಮರ ಬಿಚ್ಚಲು ಅಂಗಡಿಯವನು ಹಿಂಜರಿದರೆ ಅಲ್ಲಿಗೆ ನಮಸ್ಕಾರ ಹೇಳಿ ಎದ್ದು ಬರಬಹುದು. ಬಿಚ್ಚಿದರೆ ಇನ್ನೊಂದೂ ಗೊತ್ತಾಗುತ್ತದೆ: ಮರ ಕಬ್ಬಿಣವನ್ನು ಮುಟ್ಟುವ ಗೆರೆಯುದ್ದಕ್ಕೂ ತುಕ್ಕು. ಹೊರಗೆ ಹೊಸ ನೀಲಿ ಬಣ್ಣ ಕೊಟ್ಟು ಮಿನುಗಿಸಿದ ರೈಫಲ್ಲಿನ ನಿಜವಾದ ವಯಸ್ಸು ಅಲ್ಲಿರುತ್ತದೆ. ಬೋಲ್ಟು ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದರೆ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಹಳೆಯ ತೋಟಾಗಳ ಕೇಪಿನಲ್ಲಿದ್ದ ರಾಸಾಯನಿಕ ಸುಟ್ಟ ಮೇಲೆ ಉಪ್ಪು ಬಿಡುತ್ತಿತ್ತು, ಉಪ್ಪು ತೇವ ಎಳೆಯುತ್ತಿತ್ತು, ತೇವ ನಳಿಗೆ ತಿನ್ನುತ್ತಿತ್ತು. ಬಲ್ಲ ಶಿಕಾರಿಗಳು ಆವತ್ತೇ ಕುದಿಯುವ ನೀರು ಹೊಯ್ದು ತೊಳೆದು ಎಣ್ಣೆ ಹಚ್ಚುತ್ತಿದ್ದರು. ನಾಳೆ ತೊಳೆದರಾಯಿತು ಎಂದವರ ರೈಫಲ್ಲುಗಳ ಒಳಗೆ ಇವತ್ತು ಸಿಡುಬಿನ ಕಲೆ.

ಎಲ್ಲ ನೋಡಿ, ಎಲ್ಲ ಸರಿಯಾಗಿ, ಅದು 8×57 ಎಂದೇ ಖಾತ್ರಿಯಾದರೂ ತೋಟಾದ ಪ್ರಶ್ನೆ ನಿಂತಲ್ಲೇ ನಿಂತಿರುತ್ತದೆ. ಅಂಗಡಿಯವರು ಇಂಥ ಹೊತ್ತಿನಲ್ಲಿ ಹೇಳುವ ಮಾತು ಒಂದೇ ಥರದ್ದು: ‘ಒಂದು ಪೊಟ್ಟಣ ಜೊತೆಗೇ ಕೊಡ್ತೀನಿ.’ ಆ ಪೊಟ್ಟಣದ ವಯಸ್ಸು ಕೇಳಬೇಕು. ಐವತ್ತು ವರ್ಷ ಹಳೆಯ ತೋಟಾ ಹಾರಬಹುದು, ಹಾರದೆಯೂ ಇರಬಹುದು. ಕುದುರೆ ಎಳೆದು, ಸದ್ದಿಲ್ಲದೆ, ಒಂದು ಕ್ಷಣ ತಡೆದು ಆಮೇಲೆ ಹಾರುವ ಈಡಿನಷ್ಟು ಅಪಾಯದ್ದು ಬೇರೊಂದಿಲ್ಲ. ಹಾರಲಿಲ್ಲವೆಂದು ಆತುರದಲ್ಲಿ ಬೋಲ್ಟು ತೆರೆದವರು ಕಣ್ಣು ಕಳೆದುಕೊಳ್ಳಬಹುದು. ಆ ಪೊಟ್ಟಣ ಮುಗಿದ ಮೇಲೆ ರೈಫಲ್ಲು ಕೋಲು. ಲೈಸೆನ್ಸಿನಲ್ಲಿ ಬರೆದ ಬೋರು ಬಿಟ್ಟು ಬೇರೆ ತೋಟಾ ಮನೆಯಲ್ಲಿ ಸಿಕ್ಕರೆ ಅದು ಬೇರೆಯೇ ಕೇಸು.

ಅಗ್ಗಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. 1983ರ ತಿದ್ದುಪಡಿಯಿಂದ ಒಬ್ಬ ಲೈಸೆನ್ಸುದಾರ ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮಸೂದೆಯಲ್ಲಿ ಒಂದೇ ಎಂದಿತ್ತು, ಗದ್ದಲವೆದ್ದ ಮೇಲೆ ಎರಡಾಯಿತು. ಮೂರನೆಯದನ್ನು ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಲು ಒಂದು ವರ್ಷದ ಗಡುವು. ಮೂರರಲ್ಲಿ ಯಾವುದನ್ನು ಬಿಟ್ಟುಕೊಡುತ್ತಾರೆ? ಮನೆ ಕಾಯುವ ಹನ್ನೆರಡು ಬೋರನ್ನಲ್ಲ, ತೋಟಾ ಸಿಗುವ .315 ಅನ್ನಲ್ಲ. ಮುತ್ತಾತ ಯಾವುದೋ ಸಾಹೇಬನಿಂದ ಕೊಂಡಿದ್ದ, ತೋಟಾ ಸಿಗದ ಆ ಮೌಸರನ್ನು. ಅಂಗಡಿಗಳ ಬೀರುಗಳು ಇಂಥ ಅನಾಥರಿಂದ ತುಂಬಿದ್ದು ಆಗ. ಕೊಳ್ಳುವವನಿಗೂ ಅದೇ ಕತ್ತರಿ: ಇರುವುದೇ ಎರಡು ಜಾಗ. ಒಂದರಲ್ಲಿ ಹನ್ನೆರಡು ಬೋರು ಕೂತಿದೆ, ಇನ್ನೊಂದನ್ನು ಹಾರದ ರೈಫಲ್ಲಿಗೆ ಕೊಟ್ಟರೆ ಮುಂದೆ ಬೇಕಾದದ್ದಕ್ಕೆ ಜಾಗವಿಲ್ಲ. ನನ್ನ ಲೆಕ್ಕದಲ್ಲಿ ಆ ಖಾಲಿ ಜಾಗದ ಬೆಲೆ ರೈಫಲ್ಲಿನ ಬೆಲೆಗಿಂತ ಹೆಚ್ಚು. ಆಮೇಲೆ ಬೇಡವಾದರೆ ಮಾರಿಬಿಡುತ್ತೇನೆ ಎನ್ನುವ ಹಾಗೂ ಇಲ್ಲ. ಖಾಸಗಿಯಾಗಿ ಇನ್ನೊಬ್ಬ ಲೈಸೆನ್ಸುದಾರನಿಗೆ ಮಾರಬೇಕಾದರೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು. ಕಾಯುವುದು ಕಷ್ಟವಲ್ಲ, ಕೊಳ್ಳುವ ಇನ್ನೊಬ್ಬ ಮರುಳ ಸಿಗಬೇಕು.

ಇಷ್ಟು ಹೇಳಿದ ಮೇಲೂ ಕಾಕಾ ಬಿಡಲಿಲ್ಲ. “ತೋಟಾ ಹ್ಯಾಂಗರ ಹುಡುಕೋಣಂತ. ನಾಕು ಈಡು ಹೊಡದ್ರ ಚಿಗರಿ ಈ ಕಡಿ ಹಾಯಂಗಿಲ್ಲ, ನೋಡು.” ಅಲ್ಲಿಗೆ ಮಾತು ಬೋರು ಬಿಟ್ಟು ಜೈಲಿಗೆ ಬಂತು.

ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಹುಲಿ-ಆನೆಯ ಪಂಕ್ತಿ. ಈ ಕಾಯ್ದೆಯ 11ನೇ ಕಲಮು ಓದಿದವರು ಕಡಿಮೆ, ರೈತರಿಗೆ ಅದನ್ನು ಬಿಡಿಸಿ ಹೇಳಿದವರು ಇನ್ನೂ ಕಡಿಮೆ. ಎರಡನೆಯ ಅನುಸೂಚಿಯ ಪ್ರಾಣಿ ಮನುಷ್ಯನ ಜೀವಕ್ಕೋ ನಿಂತ ಬೆಳೆಗೋ ಅಪಾಯವಾದರೆ ಕೊಲ್ಲಲು ಅನುಮತಿ ಕೊಡುವ ಅವಕಾಶ ಅದರಲ್ಲಿದೆ. ಕಾಡುಹಂದಿ ಆ ಪಟ್ಟಿಯಲ್ಲಿದೆ. ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಮನುಷ್ಯನ ಜೀವಕ್ಕೆ ಅಪಾಯವಿರಬೇಕು, ಇಲ್ಲವೇ ಅದು ಬದುಕದಷ್ಟು ಗಾಯಗೊಂಡಿರಬೇಕು, ರೋಗಕ್ಕೆ ಸಿಕ್ಕಿರಬೇಕು. ಬೆಳೆಯ ಮಾತೇ ಅಲ್ಲಿಲ್ಲ. ಅಂದರೆ ಚಿಗರಿ ಇಡೀ ಹೊಲ ಮೇಯ್ದರೂ ಅದನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರಿಗೂ ಅಧಿಕಾರವಿಲ್ಲ. ಹೊಡೆದವನಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ, ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬಳಸಿದ ಬಂದೂಕು, ಗಾಡಿ ಸರ್ಕಾರದ ಪಾಲು. ಸಲ್ಮಾನ್ ಖಾನ್‌ನ 1998ರ ಕೇಸು ಜೋಧಪುರದ ಕೋರ್ಟಿನಲ್ಲಿ 2018ರಲ್ಲಿ ಐದು ವರ್ಷ ಶಿಕ್ಷೆಯ ತೀರ್ಪಿಗೆ ಬಂದದ್ದು ಇದೇ ಪ್ರಾಣಿಗಾಗಿ. ಸಿನಿಮಾ ನಟನಿಗೆ ಇಪ್ಪತ್ತು ವರ್ಷ ಕೋರ್ಟು ಅಲೆಯುವ ತಾಕತ್ತು ಇರುತ್ತದೆ. ಎಂಟು ಎಕರೆ ಹತ್ತಿಯವನಿಗೆ?

ಹಂದಿಯ ಮಾತು ಬೇರೆ. ಕೇರಳ 2022ರ ಮೇ ತಿಂಗಳಲ್ಲಿ ಪಂಚಾಯತಿ ಅಧ್ಯಕ್ಷರಿಗೇ ಗೌರವ ವನ್ಯಜೀವಿ ಪಾಲಕರ ಅಧಿಕಾರ ಕೊಟ್ಟು, ಲೈಸೆನ್ಸ್ ಇರುವ ಗುರಿಕಾರರಿಂದ ಹಂದಿ ಹೊಡೆಸಲು ದಾರಿ ಮಾಡಿತು. ಕಾಸರಗೋಡಿನ ನಮ್ಮ ಕನ್ನಡಿಗರ ಅಡಕೆ ತೋಟಗಳೂ ಅದರ ವ್ಯಾಪ್ತಿಗೆ ಬರುತ್ತವೆ. ತೆಲಂಗಾಣದಲ್ಲೂ ಅನುಮತಿ ಪಡೆದ ಗುರಿಕಾರರ ಮೂಲಕ ಹಂದಿ ಹೊಡೆಸುವ ಆದೇಶಗಳು ಬಂದಿವೆ. 2016ರ ಜೂನ್‌ನಲ್ಲಿ ಬಿಹಾರದ ಮೊಕಾಮಾದಲ್ಲಿ ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಹೊಡೆಯಲು ಕರೆಸಿದ್ದು ಹೈದರಾಬಾದಿನ ಗುರಿಕಾರರನ್ನೇ. ಕೇಂದ್ರ ಸರ್ಕಾರವೇ ಅಲ್ಲಿ ನೀಲಗಾಯಿಯನ್ನು ಪೀಡಕ ಪ್ರಾಣಿ ಎಂದು ಘೋಷಿಸಿತ್ತು, ಆದರೂ ದೇಶವೆಲ್ಲ ಹುಯಿಲೆದ್ದಿತು. ಇಂಥ ಕೆಲಸಕ್ಕೆ ಗುರಿ, ಅನುಭವ, ಕಾಗದ ಪತ್ರ ಎಲ್ಲ ಬೇಕು; ಅರ್ಧ ಬೆಲೆಯ ಮೌಸರ್ ಒಂದರಿಂದ ಯಾರೂ ಗುರಿಕಾರರಾಗುವುದಿಲ್ಲ.

ಇನ್ನು ರೈತನ ಕೈಗೆ ಕಾನೂನು ಕೊಡಲು ಒಪ್ಪುವ ಬಂದೂಕು ಯಾವುದು? ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಹೆಸರಿಸುವುದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕು, ಅಂದರೆ ಹನ್ನೆರಡು ಬೋರಿನಂಥದ್ದು. ಸುರುಳಿ ಗೆರೆಯ ನಳಿಗೆ, ಅಂದರೆ ರೈಫಲ್, ಆ ಸಾಲಿನಲ್ಲೇ ಇಲ್ಲ. ಮೊದಲ ಓದಿಗೆ ಇದು ರೈತವಿರೋಧಿಯಂತೆ ಕಾಣುತ್ತದೆ. ಆದರೆ ಮಾಗನೂರಿನ ಬಯಲಿನಲ್ಲಿ ನಿಂತು ನೋಡಿದರೆ ಬರೆದವರಿಗೆ ತಲೆ ಇತ್ತು ಅನಿಸುತ್ತದೆ. ಚರೆ ಕೆಲವು ನೂರು ಗಜಗಳಲ್ಲಿ ಬಲ ಕಳೆದುಕೊಂಡು ಉದುರುತ್ತದೆ. ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ತಡೆಯಲು ಹೊಲದ ಆಸುಪಾಸಿನಲ್ಲಿ ಗುಡ್ಡವಿಲ್ಲ, ಮರವಿಲ್ಲ. ಇರುವುದು ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸರು, ಆಚೆ ರಸ್ತೆ, ಅದರಾಚೆ ರೈಲು ಹಳಿ. ರಾತ್ರಿಯಾದರೆ ಗುರಿಗೆ ಟಾರ್ಚಿನ ಬೆಳಕೊಂದೇ.

ತೋಟಾ ಸಿಗದ ಹಳೆಯ ರೈಫಲ್ಲನ್ನು ಯಾರೂ ಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ. ಕೊಡಗಿನ ಕೆಲವು ಐನ್‌ಮನೆಗಳಲ್ಲಿ ಹಳೆಯ ವಿದೇಶಿ ಕೋವಿಗಳನ್ನು ಕೈಲ್ ಪೊಳ್ದ್ ಹಬ್ಬಕ್ಕೆ ಹೊರತೆಗೆದು, ಒರೆಸಿ, ಹೂವಿಟ್ಟು ಪೂಜೆ ಮಾಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, ಕೇಂದ್ರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ, ಹೈಕೋರ್ಟು 2021ರಲ್ಲಿ ಎತ್ತಿ ಹಿಡಿದಿದೆ. ಅಲ್ಲಿ ಕೋವಿ ಹಾರದಿದ್ದರೂ ಅದಕ್ಕೊಂದು ಸ್ಥಾನವಿದೆ. ಹಳೆಯ ಯಂತ್ರಗಳ ಕುಶಲತೆಗೆ ಮನಸೋತು, ಹಾರಿಸುವ ಆಸೆಯೇ ಇಲ್ಲದೆ, ಕಾಗದ ಪತ್ರ ಸರಿಯಿಟ್ಟುಕೊಂಡು ಕೊಳ್ಳುವವರಿದ್ದಾರೆ. ಅವರಿಗೆ ಅರ್ಧ ಬೆಲೆ ನಿಜವಾಗಿಯೂ ಲಾಭ. ಅಂಥವರು ಪ್ರತಿ ಚುನಾವಣೆಗೂ ಅದನ್ನು ಠಾಣೆಗೋ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಬೇಕು, ವಾಪಸು ತಂದಾಗ ನಳಿಗೆಯ ತುಕ್ಕು ನೋಡಿ ಮರುಗಬೇಕು, ಐದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಬೇಕು. ಮರುಗುವ ಶಕ್ತಿ ಇದ್ದರೆ ಕೊಳ್ಳಲಿ. ಗುರಿ ಅಭ್ಯಾಸದ ಆಸೆಯಿದ್ದವರಿಗೆ ರೈಫಲ್ ಕ್ಲಬ್ಬುಗಳಿವೆ. ಅಲ್ಲಿ ಹೆಚ್ಚಿನ ಆಟ .22 ಮತ್ತು ಗಾಳಿಬಂದೂಕಿನದ್ದು, ಮೌಸರಿಗೆ ಅಲ್ಲೂ ಕೆಲಸವಿಲ್ಲ.

ಕಾಕಾ ಈ ಮೂರರಲ್ಲಿ ಯಾವುದಕ್ಕೂ ಸೇರಿದವರಲ್ಲ. ಅವರಿಗೆ ಬೇಕಾದದ್ದು ಹತ್ತಿ ಉಳಿಯುವುದು. ಆ ದುಡ್ಡಿನಲ್ಲಿ ಮೂವರು ಬದುಹೊಲದವರು ಸೇರಿ ಸೋಲಾರ್ ಬೇಲಿ ಹಾಕಿಸಿದರೆ ಹೇಗೆ ಎಂದು ಕೇಳಿದೆ. “ಬೇಲಿ ಹಾರತಾವಲೋ ತಮ್ಮಾ, ಚಿಗರಿ ಅಂದ್ರ ಏನಂದ್ಕೊಂಡಿ?” ಎಂದರು. ಹಾರುತ್ತವೆ, ನಿಜ, ಎತ್ತರ ಸಾಲದಿದ್ದರೆ ಹಾರಿಯೇ ಹಾರುತ್ತವೆ. ಹಿಡಿದು ಬೇರೆಡೆ ಸಾಗಿಸಿ ಎಂದು ಆ ಭಾಗದ ರೈತರು ಅರಣ್ಯ ಇಲಾಖೆಯನ್ನು ಕೇಳುತ್ತಿರುವುದು ಅದಕ್ಕೇ. ಚಿಗರಿ ಎಷ್ಟು ಸೂಕ್ಷ್ಮವೆಂದರೆ, ಹಿಡಿಯುವ ಗಾಬರಿಗೇ ಸಾಯುವುದುಂಟು. ಬಲೆ ಬೀಸಿ ಲಾರಿಗೆ ತುಂಬುವ ಕೆಲಸವಲ್ಲ ಅದು. ಹೀಗೆ ಒಂದು ಕಡೆ ಕೊಲ್ಲಲು ಬಿಡದ ಕಾನೂನು, ಇನ್ನೊಂದು ಕಡೆ ಬೇಗ ಹಿಡಿಯಲಾಗದ ಪ್ರಾಣಿ, ನಡುವೆ ನಷ್ಟ ಹೊರುವ ರೈತ. ಬೆಳೆ ಪರಿಹಾರ ಹೊಲದ ನಷ್ಟಕ್ಕೆ ತಕ್ಕಂತೆ, ಹಂಗಾಮು ಮುಗಿಯುವ ಮೊದಲು ಕೈಗೆ ಸೇರುವಂತಿದ್ದರೆ ಕಾಕಾ ಹೈದರಾಬಾದಿನ ಬಂದೂಕು ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ ಎಂಬುದು ನನ್ನ ಅನಿಸಿಕೆ.

ಸದ್ಯಕ್ಕೆ ಅವರು ಮೌಸರ್ ಕೊಂಡಿಲ್ಲ. ಅಂಗಡಿಯವರು ಮತ್ತೆ ಫೋನು ಮಾಡಿ ಇನ್ನಷ್ಟು ಇಳಿಸುತ್ತೇನೆ ಅಂದರಂತೆ. ಕಾಕಾ ಕೇಳಿದ್ದು ಒಂದೇ: “ಹೊಸಾ ತೋಟಾ ಎಷ್ಟು ಕೊಡ್ತೀರಿ, ಬಿಲ್ ಸಮೇತ?” ಆ ಕಡೆಯಿಂದ ನೋಡಿ ಹೇಳ್ತೀನಿ ಎಂಬ ಉತ್ತರ ಬಂದಿದೆ. ಇತ್ತ ಅವರು ಪಕ್ಕದ ಹೊಲದ ಇಬ್ಬರನ್ನು ಕರೆದುಕೊಂಡು ಬೇಲಿಯ ಎತ್ತರ, ತಂತಿಯ ಸಾಲು, ಬ್ಯಾಟರಿಯ ಗ್ಯಾರಂಟಿ ವಿಚಾರಿಸಲು ರಾಯಚೂರಿಗೆ ಹೋಗಿ ಬಂದಿದ್ದಾರೆ. ದರ ಕೇಳಿ ಒಬ್ಬ ಹಿಂದೆ ಸರಿದಿದ್ದಾನೆ. ಅವನನ್ನು ಒಪ್ಪಿಸುವ ಮಾತು ನಡೆದಿದೆ.